ಒಂದು ದಿನಕ್ಕೆ ಮೂರು ಹೆಸರು

ಕತ್ರಿಗುಪ್ಪೆಯ ಕಲ್ಯಾಣಿಗೆ ಸಮ್ಮೇಳನ ಅಂದರೆ ಮೈಯೆಲ್ಲ ಉರಿಯುತ್ತದೆ. ಉರಿಯದೆ ಇನ್ನೇನಾದೀತು ಹೇಳಿ! ಆರು ವರ್ಷದಲ್ಲಿ ಏಳು ಸಮ್ಮೇಳನ. ವೈಟ್‌ಫೀಲ್ಡಿಗೆ ಹೋಗಿದ್ದಾಳೆ, ಹೆಬ್ಬಾಳದಾಚೆಯ ದೊಡ್ಡ ಹೋಟೆಲಿಗೆ ಹೋಗಿದ್ದಾಳೆ, ಒಮ್ಮೆ ರೈಲು ಹತ್ತಿ ಹೈದರಾಬಾದಿಗೂ ಹೋಗಿಬಂದಿದ್ದಾಳೆ. ಎಲ್ಲ ಕಡೆಯೂ ಒಂದೇ ಕಥೆ. ಬಾಗಿಲಲ್ಲೇ ಕೊರಳಿಗೆ ಪಟ್ಟಿ ಹಾಕಿ ಹೆಸರಿನ ಕಾರ್ಡು ತೂಗುಬಿಡುತ್ತಾರೆ, ಕೈಗೊಂದು ಬಟ್ಟೆ ಚೀಲ ಕೊಡುತ್ತಾರೆ, ಎಸಿ ಹಾಲಿನಲ್ಲಿ ಕೂರಿಸಿ ನಡುಗಿಸುತ್ತಾರೆ. ವೇದಿಕೆಯ ಮೇಲೆ ನಾಲ್ಕು ಜನ ಎತ್ತರದ ಸ್ಟೂಲುಗಳ ಮೇಲೆ ಕಾಲು ಇಳಿಬಿಟ್ಟು, ತಾವು ಹೇಗೆ ಸೋತೆವು, ಸೋತು ಹೇಗೆ ಗೆದ್ದೆವು ಅಂತ ಒಪ್ಪಿಸುತ್ತಾರೆ. ಟೀ ಹೊತ್ತಿನಲ್ಲಿ ಎಲ್ಲರೂ ಎಲ್ಲರ ನಂಬರೂ ತೆಗೆದುಕೊಳ್ಳುತ್ತಾರೆ. ಮಾರನೆಯ ದಿನ ಫೋನ್ ಮಾಡಿದರೆ ಒಬ್ಬನೂ ಎತ್ತುವುದಿಲ್ಲ.

ಇನ್ನೂ ತಮಾಷೆ ಏನೆಂದರೆ, ಅಲ್ಲಿಗೆ ಬರುವವರೆಲ್ಲ ಮಾರುವವರೇ. ಈ ಸ್ಟಾಲಿನವನು ಆ ಸ್ಟಾಲಿಗೆ ಹೋಗಿ ತನ್ನ ಸಾಫ್ಟ್‌ವೇರ್ ತೋರಿಸುತ್ತಾನೆ, ಆ ಸ್ಟಾಲಿನವನು ಈ ಸ್ಟಾಲಿಗೆ ಬಂದು ತನ್ನದು ತೋರಿಸುತ್ತಾನೆ. ಕೊಳ್ಳುವವನು ಮಾತ್ರ ಎಲ್ಲೋ ತನ್ನ ಅಂಗಡಿಯಲ್ಲಿ ಹಾಯಾಗಿ ಕೂತಿರುತ್ತಾನೆ.

ಕಲ್ಯಾಣಿಯ ಸಾಫ್ಟ್‌ವೇರಿನ ಹೆಸರು 'ತಾರೀಖು'. ಮದುವೆ ಛತ್ರಗಳಿಗೆ. ಯಾವ ದಿನ ಯಾರ ಮದುವೆ, ಛತ್ರ ಖಾಲಿ ಇದೆಯೋ ಇಲ್ಲವೋ ಅಂತ ನೋಡಿಕೊಳ್ಳುವುದಕ್ಕೆ. ಅವಳು ಹುಟ್ಟಿ ಬೆಳೆದದ್ದು ಪುಟ್ಟೇನಹಳ್ಳಿಯಲ್ಲಿ. ಅಪ್ಪ ಸಂಜೀವಯ್ಯ ಸಿಟಿ ಬಸ್ಸಿನ ಡ್ರೈವರು. ಅವಳು ಕಷ್ಟಪಟ್ಟು ಓದಿ, ಕಂಡವರ ಕಂಪನಿಯಲ್ಲಿ ಹದಿಮೂರು ವರ್ಷ ಕೋಡ್ ಬರೆದು ಬೆನ್ನು ನೋವು ಸಂಪಾದಿಸಿದಳು. ಒಂದು ಸಲ ಗೆಳತಿಯ ಮದುವೆಗೆ ಹೋದಾಗ, ಒಂದೇ ಛತ್ರದ ಮುಂದೆ ಎರಡು ದಿಬ್ಬಣ ಬಂದು ನಿಂತು, ಹೆಣ್ಣಿನ ಕಡೆಯವರು ಹೆಣ್ಣಿನ ಕಡೆಯವರ ಜೊತೆಗೇ ಕೈಕೈ ಮಿಲಾಯಿಸಿದ್ದನ್ನು ಕಣ್ಣಾರೆ ಕಂಡಳು. ಛೆ, ಇದಕ್ಕೊಂದು ಸಾಫ್ಟ್‌ವೇರ್ ಬೇಡವೇ ಅನ್ನಿಸಿತು. ಅಲ್ಲಿಂದ ಶುರುವಾದದ್ದು ಇದು. 'ಒಂದು ದಿನ, ಒಂದೇ ಹೆಸರು' ಅಂತ ಬ್ಯಾನರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾಳೆ. ಒಬ್ಬರ ಹೆಸರು ಬಿದ್ದ ದಿನಕ್ಕೆ ಇನ್ನೊಬ್ಬರ ಹೆಸರು ಹಾಕಲು ಹೋದರೆ ಪರದೆ ಕೆಂಪಾಗಿ ಕೂಗುತ್ತದೆ. ಬ್ರಹ್ಮ ಬಂದರೂ ಎರಡನೇ ಹೆಸರು ಕೂರುವುದಿಲ್ಲ. ಅದು ಅವಳ ಹೆಮ್ಮೆ.

ಒಂದು ಕಾಲಕ್ಕೆ ಹನ್ನೊಂದು ಛತ್ರಗಳಿದ್ದವು, ಈಗ ನಾಲ್ಕು. ಬಿಟ್ಟುಹೋದವರಲ್ಲಿ ಒಬ್ಬರೂ ಜಗಳ ಆಡಲಿಲ್ಲ, ದೂರಲಿಲ್ಲ. ವಿಡಿಯೊ ಕಾಲಿನಲ್ಲಿ ನಗುನಗುತ್ತಾ "ಸಖತ್ತಾಗಿದೆ ಮೇಡಂ, ನೋಡೋಣ, ಮುಂದಿನ ತಿಂಗಳು ಹೇಳ್ತೀವಿ" ಅಂದರು. ಆ ಮುಂದಿನ ತಿಂಗಳು ಇವತ್ತಿಗೂ ಬಂದಿಲ್ಲ.

ಕಂಪನಿ ಅಂದರೆ ಇನ್ಯಾರು, ಅವಳು ಮತ್ತು ಸುಮೇಧ. ಗೊಟ್ಟಿಗೆರೆಯ ಹುಡುಗ, ಕಾಲೇಜು ಮುಗಿಸಿ ನೇರವಾಗಿ ಇವಳ ಹತ್ತಿರ ಬಂದವನು, ಈಗ ಇಪ್ಪತ್ತೆಂಟು ವರ್ಷ. ಮೊದಲು ಬರೆದವಳು ಅವಳೇ ಆದರೂ, ಈಗ ತಾರೀಖಿನ ಒಳಗೆ ಯಾವ ತಂತಿ ಎಲ್ಲಿ ಹೋಗುತ್ತದೆ ಅಂತ ಪೂರ್ತಿ ಗೊತ್ತಿರುವುದು ಅವನೊಬ್ಬನಿಗೇ. ಗೊಟ್ಟಿಗೆರೆಯಿಂದ ಕತ್ರಿಗುಪ್ಪೆಗೆ ಬರುವಷ್ಟರಲ್ಲಿ ಅರ್ಧ ಜೀವ ಹೋಗುತ್ತದೆ ಅಂತ ಕೊರೊನಾ ಕಾಲದಿಂದ ಇಬ್ಬರೂ ಮನೆಯಿಂದಲೇ ಕೆಲಸ. ದಿನಕ್ಕೆ ಎರಡು ಸಲ ಕಾಲ್. ಅವನ ಕ್ಯಾಮೆರಾ ಯಾವತ್ತೂ ಆಫ್. ಎರಡು ವರ್ಷದಿಂದ ಅವಳು ಅವನ ಮುಖ ನೋಡಿಲ್ಲ. ಈಗ ಅವನಿಗೆ ಬಿಟಿಎಂ ಲೇಔಟಿನ ಒಂದು ಕಂಪನಿಯಿಂದ ಕೆಲಸ ಬಂದಿದೆ. ಸೋಮವಾರದೊಳಗೆ ಉತ್ತರ ಕೊಡಬೇಕಂತೆ. ಅವನು ಹೋದರೆ ತಾರೀಖಿನ ಕಥೆ ಮುಗಿದ ಹಾಗೇ, ಅದು ಅವಳಿಗೆ ಚೆನ್ನಾಗಿ ಗೊತ್ತು.

"ನೋಡು ಸುಮೇಧ," ಅಂತ ಶುಕ್ರವಾರದ ಕಾಲಿನಲ್ಲಿ ಅವಳು ಕೇಳಿಕೊಂಡಳು, "ನಾಳೆ ಜೆಪಿ ನಗರದ ಸಮ್ಮೇಳನ ಒಂದು ಮುಗೀಲಿ. ಈ ಸಲ ಛತ್ರದ ಓನರ್‌ಗಳನ್ನೂ ಕರೆಸ್ತಿದಾರೆ. ಎರಡು ಛತ್ರ ಹೂಂ ಅಂದ್ರೂ ಸಾಕು, ನೀನು ಉಳ್ಕೊ. ಏನಂತೀಯಾ?"

"ಆಯ್ತು ಮೇಡಂ," ಅಂದ ಅವನು.

ಶನಿವಾರ ಬೆಳಗ್ಗೆ ಬ್ಯಾನರಿನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಹಾಕುತ್ತಿದ್ದಾಗ ಅವಳ ಅಮ್ಮ ಸಪ್ಪಲಮ್ಮ ಅಡುಗೆಮನೆಯಿಂದಲೇ ಕೇಳಿದಳು, "ಏನೇ, ಮತ್ತೆ ಕೊರಳಿಗೆ ಪಟ್ಟಿ ಕಟ್ಟಿಸ್ಕೊಳ್ಳಕ್ಕೆ ಹೊರಟ್ಯಾ?"

"ಸುಮ್ನಿರಮ್ಮ ನೀನು. ಮೊದ್ಲೇ ತಲೆ ಕೆಟ್ಟಿದೆ."

ಈ ಸಮ್ಮೇಳನದಲ್ಲಿ ಒಂದು ಹೊಸ ಪದ್ಧತಿ ಮಾಡಿದ್ದರು. ಪ್ರತಿ ಉದ್ಯಮಿಯೂ ತನ್ನ ಒಬ್ಬ ಗಿರಾಕಿಯನ್ನು ಜೊತೆಗೆ ಕರೆತರಬೇಕು, ಅವರು ವೇದಿಕೆಯ ಮೇಲೆ ಐದು ನಿಮಿಷ ಮಾತಾಡಬೇಕು. ಕಲ್ಯಾಣಿ ಶಾಮಣ್ಣನವರನ್ನು ಕೇಳಿಕೊಂಡಿದ್ದಳು. ಕತ್ರಿಗುಪ್ಪೆಯದೇ ಒಂದು ಹಳೆಯ ಛತ್ರದ ಮ್ಯಾನೇಜರು, ವಯಸ್ಸು ಅರವತ್ತೇಳು, ತಾರೀಖಿನ ಮೊಟ್ಟಮೊದಲ ಗಿರಾಕಿ. ಆ ಛತ್ರ ಅವಳ ಮನೆಯಿಂದ ಎಂಟು ನಿಮಿಷದ ನಡಿಗೆ. ಆದರೆ ಆರು ವರ್ಷದ ಹಿಂದೆ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿಕೊಟ್ಟು ಬಂದ ಮೇಲೆ ಅವಳು ಆ ಮೆಟ್ಟಿಲು ಹತ್ತಿಲ್ಲ. ಎಲ್ಲ ಫೋನಿನಲ್ಲೇ. ಹೈದರಾಬಾದಿಗೆ ಹೋಗಲು ಪುರುಸೊತ್ತಿದ್ದವಳಿಗೆ ಪಕ್ಕದ ಬೀದಿಗೆ ಹೋಗಲು ಪುರುಸೊತ್ತಿರಲಿಲ್ಲ!

ಶಾಮಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕಂಕುಳಲ್ಲೊಂದು ರೆಕ್ಸಿನ್ ಬ್ಯಾಗು ಇಟ್ಟುಕೊಂಡು ಛತ್ರದ ಗೇಟಿನಲ್ಲಿ ಕಾಯುತ್ತಿದ್ದರು. ಇಬ್ಬರೂ ಒಂದೇ ಆಟೋದಲ್ಲಿ ಹೋದರು.

ಅಲ್ಲಿ ನೋಡಿದರೆ ಇಪ್ಪತ್ತು ಛತ್ರದ ಓನರುಗಳು ಬರುತ್ತಾರೆ ಅಂದಿದ್ದರು, ಬಂದವರು ಇಬ್ಬರೇ. ಆ ಇಬ್ಬರೂ ಕಾಫಿ ಕುಡಿದು, ಬಟ್ಟೆ ಚೀಲ ಇಸಿದುಕೊಂಡು, ಹನ್ನೊಂದೂವರೆಗೆಲ್ಲ ಮಾಯ. ಕಲ್ಯಾಣಿಯ ಸ್ಟಾಲಿಗೆ ಬಂದವರು ಐದು ಜನ. ಒಬ್ಬ ಚಾರ್ಜರ್ ಇದೆಯಾ ಕೇಳಿದ, ಒಬ್ಬಳು ಟಾಯ್ಲೆಟ್ ಎಲ್ಲಿ ಕೇಳಿದಳು, ಉಳಿದ ಮೂವರು ತಮ್ಮ ತಮ್ಮ ಸಾಫ್ಟ್‌ವೇರನ್ನು ಇವಳಿಗೇ ಮಾರಲು ನೋಡಿದರು. ಅಯ್ಯೋ ಕರ್ಮವೇ ಅಂತ ಅವಳು ಹಣೆ ಒತ್ತಿಕೊಂಡಳು. ಸೋಮವಾರ ಸುಮೇಧನಿಗೆ ಏನು ಮುಖ ತೋರಿಸುವುದು?

ವೇದಿಕೆಯ ಸರದಿ ಬಂದಾಗ ಅವಳು ಪರದೆಯ ಮೇಲೆ ಒಂದು ಗ್ರಾಫ್ ಹಾಕಿದಳು. ಶಾಮಣ್ಣನವರ ಛತ್ರದಲ್ಲಿ ಆರು ವರ್ಷದಲ್ಲಿ ಎಷ್ಟೋ ಮದುವೆಗಳು, ಆದರೆ ತಾರೀಖಿನಲ್ಲಿ ಹೆಸರು ಬಿದ್ದ ಮೇಲೆ ರದ್ದಾದದ್ದು ಒಂದೂ ಇಲ್ಲ. "ಒಂದೂ ಇಲ್ಲ!" ಅಂತ ಅವಳು ಬೆರಳೆತ್ತಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಶಾಮಣ್ಣ ಮೈಕು ಹಿಡಿದು, "ಮೇಡಂ ತುಂಬಾ ಒಳ್ಳೆಯವರು. ಸಾಫ್ಟ್‌ವೇರೂ ತುಂಬಾ ಚೆನ್ನಾಗಿದೆ. ಬಣ್ಣ ಎಲ್ಲ ಚೆನ್ನಾಗಿದೆ. ನಮಸ್ಕಾರ," ಅಂದು ಒಂದು ನಿಮಿಷಕ್ಕೇ ಇಳಿದುಬಂದರು. ಇನ್ನು ನಾಲ್ಕು ನಿಮಿಷ ಬಾಕಿ ಇತ್ತಲ್ಲ ಮಹಾರಾಯರೇ ಅಂತ ಅವಳಿಗೆ ಅಳುವೇ ಬಂತು.

ಊಟಕ್ಕೆ ಬಫೆ. ಎಲ್ಲರೂ ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಫೋನು ಹಿಡಿದು ನಿಂತೇ ತಿನ್ನುತ್ತಿದ್ದರು. ಶಾಮಣ್ಣ ಅದನ್ನು ನೋಡಿ ಮುಖ ಸಿಂಡರಿಸಿದರು.

"ಕೂರಿಸಿ ಬಡಿಸದೇ ಇದೇನ್ ಊಟಾನಮ್ಮ? ನಂಗೆ ಮಂಡಿನೋವು, ನಿಂತ್ಕೊಂಡ್ ತಿನ್ನಕ್ಕಾಗಲ್ಲ."

ಕಲ್ಯಾಣಿ ಅಲ್ಲಿ ಇಲ್ಲಿ ಹುಡುಕಿ ಎರಡು ಕುರ್ಚಿ ಎಳೆದು ತಂದಳು. ಮೂಲೆಯಲ್ಲಿ, ಖಾಲಿ ಪೆಟ್ಟಿಗೆಗಳ ಪಕ್ಕ, ಇಬ್ಬರೂ ಕೂತರು. ಆರು ವರ್ಷದಲ್ಲಿ ಅವರು ಪಕ್ಕಪಕ್ಕ ಕೂತು ಉಂಡದ್ದು ಅದೇ ಮೊದಲು. ಅವರು ಬಿಸಿಬೇಳೆಬಾತಿಗೆ ಹುಣಸೆಹಣ್ಣು ಜಾಸ್ತಿಯಾಗಿದೆ ಅಂದರು, ಇವಳು ಹೌದು ಅಂದಳು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು.

"ಹಾಂ ಸ್ವಾಮಿ, ಹೇಳಿ. ಮುಂದಿನ ತಿಂಗಳು ಹನ್ನೆರಡಾ? ಆಗ್ಲಿ ಆಗ್ಲಿ. ಜೋಯಿಸರನ್ನ ಕೇಳ್ಕೊಂಡೇ ಹೇಳಿ, ಅವಸರ ಏನಿಲ್ಲ. ನಾನು ಹಿಡಿದಿಟ್ಟಿರ್ತೀನಿ."

ಫೋನಿಟ್ಟು ಅವರು ರೆಕ್ಸಿನ್ ಬ್ಯಾಗು ಬಿಚ್ಚಿದರು. ಒಳಗಿನಿಂದ ಒಂದು ದಪ್ಪ ಡೈರಿ, ಒಂದು ಮೋಟು ಪೆನ್ಸಿಲ್ಲು ಬಂದವು. ತಟ್ಟೆಯನ್ನು ತೊಡೆಯ ಮೇಲೆ ಬ್ಯಾಲೆನ್ಸ್ ಮಾಡುತ್ತಾ ಹನ್ನೆರಡನೇ ತಾರೀಖಿನ ಹಾಳೆ ತೆಗೆದು ಒಂದು ಹೆಸರು ಬರೆದರು. ಕಲ್ಯಾಣಿ ಬಗ್ಗಿ ನೋಡಿದಳು.

"ಶಾಮಣ್ಣೋರೇ, ಅಲ್ಲಿ ಆಗ್ಲೇ ಎರಡು ಹೆಸರಿದೆ."

"ಹೂಂ. ಈಗ ಮೂರಾಯ್ತು."

"ಅದ್ಹೇಗೆ? ಒಂದೇ ದಿನಕ್ಕೆ ಮೂರು ಮದುವೇನಾ?"

ಶಾಮಣ್ಣ ಅವಳ ಮುಖ ನೋಡಿದರು. ಇವಳಿಗೆ ನಿಜವಾಗಿಯೂ ಗೊತ್ತಿಲ್ಲ ಅಂತ ಅವರಿಗೆ ಆಗಲೇ ಹೊಳೆದದ್ದು. "ಅಲ್ಲಮ್ಮ. ಮದುವೆ ಅಂದ್ರೆ ಮೊದ್ಲು ಮುಹೂರ್ತ ನೋಡಿಸ್ಬೇಕು. ಗಂಡಿನ ಕಡೆ ಜೋಯಿಸರು ಒಂದು ದಿನ ಹೇಳ್ತಾರೆ, ಹೆಣ್ಣಿನ ಕಡೆಯವರು ಅದಾಗಲ್ಲ ಅಂತಾರೆ. ಅಷ್ಟರಲ್ಲಿ ಛತ್ರ ಹೋಗ್ಬಿಟ್ರೆ? ಅದಕ್ಕೇ ಎಲ್ರೂ ಮೂರ್ನಾಲ್ಕು ತಾರೀಖು ಹಿಡಿದಿಡಿ ಅಂತಾರೆ. ನಾವು ಪೆನ್ಸಿಲ್ಲಲ್ಲಿ ಹಿಡಿದಿಡ್ತೀವಿ. ನೋಡಿ, ಈ ಮೊದಲನೇ ಪಾರ್ಟಿ, ಹುಡುಗಿಗೆ ಇಷ್ಟ ಇಲ್ವಂತೆ, ಅದು ಬಿದ್ದೋಗತ್ತೆ. ಎರಡನೇದು, ಅವರಜ್ಜಿ ಆಸ್ಪತ್ರೇಲಿದಾರೆ. ಈಗ ಫೋನ್ ಮಾಡಿದ್ರಲ್ಲ, ಇವರದ್ದು ನಿಲ್ಲತ್ತೆ. ಯಾವ ಛತ್ರದಲ್ಲಾದ್ರೂ ಕೇಳಿ, ಹಿಂಗೇನೇ."

ಕಲ್ಯಾಣಿ ಆ ಹಾಳೆಯನ್ನು ಮತ್ತೊಮ್ಮೆ ಬಗ್ಗಿ ನೋಡಿದಳು. ಮುಹೂರ್ತ ಅನ್ನುವ ಮಾತು ಕೇಳಿದ್ದಳು, ಆದರೆ ಅದು ದಿನವನ್ನು ಹೀಗೆಲ್ಲ ಅಲ್ಲಾಡಿಸುತ್ತದೆ ಅಂತ ಗೊತ್ತಿರಲಿಲ್ಲ. ಅವಳದು ಬೌದ್ಧರ ಮನೆ. ಅವಳ ಅಕ್ಕನದೂ ಆಗಲಿ, ಅವಳದೂ ಆಗಲಿ, ಮದುವೆ ಆದದ್ದು ಪುಟ್ಟೇನಹಳ್ಳಿಯ ಸಮುದಾಯ ಭವನದಲ್ಲಿ. ಎಲ್ಲರಿಗೂ ರಜಾ ಇರುವ ಒಂದು ಭಾನುವಾರ ನೋಡಿ, ಬುದ್ಧನ ಮುಂದೆ ದೀಪ ಹಚ್ಚಿ, ವಂದನೆ ಹೇಳಿ ಹಾರ ಹಾಕಿಸಿದರು. ಜೋಯಿಸರೂ ಇಲ್ಲ, ಲಗ್ನವೂ ಇಲ್ಲ. ದಿನ ಅಂದರೆ ದಿನ, ಒಮ್ಮೆ ಹೇಳಿದರೆ ಮುಗಿಯಿತು. ಊರೆಲ್ಲ ಹಾಗೇ ಒಮ್ಮೆಗೇ ದಿನ ಗೊತ್ತುಮಾಡುತ್ತದೆ ಅಂತ ಅಂದುಕೊಂಡೇ ಅವಳು ಸಾಫ್ಟ್‌ವೇರ್ ಬರೆದಿದ್ದಳು.

"ಹಾಗಾದ್ರೆ ನನ್ನ ಸಾಫ್ಟ್‌ವೇರು? ಅದ್ರಲ್ಲಿ ಎರಡನೇ ಹೆಸರು ಹಾಕಕ್ಕೇ ಬರಲ್ವಲ್ಲ!"

"ಅದಕ್ಕೂ ಹಾಕ್ತೀನಮ್ಮ, ಬಿಡ್ತೀನಾ?" ಅಂದರು ಶಾಮಣ್ಣ, ಅವಳನ್ನು ಸಮಾಧಾನ ಮಾಡುವ ಹಾಗೆ. "ಮದುವೆ ಹಿಂದಿನ ದಿನ ತರಕಾರಿ ಗಾಡಿ ಬಂದು ಇಳಿಸ್ತಾರಲ್ಲ, ಅದಾದ್ಮೇಲೆ ಹಾಕ್ತೀನಿ. ಆಗ ಗ್ಯಾರಂಟಿ ನೋಡಿ, ಮದುವೆ ನಿಲ್ಲಲ್ಲ."

ಒಂದೂ ರದ್ದಾಗಿಲ್ಲ ಅಂತ ಅರ್ಧ ಗಂಟೆಯ ಹಿಂದೆ ಬೆರಳೆತ್ತಿ ಹೇಳಿದ್ದಳಲ್ಲ! ತರಕಾರಿ ಇಳಿದ ಮೇಲೆ ಯಾವ ಮದುವೆ ತಾನೇ ರದ್ದಾದೀತು? ಕಲ್ಯಾಣಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು. ತಟ್ಟೆಯನ್ನು ನೆಲದ ಮೇಲೆ ಕುಕ್ಕಿದಳು.

"ಆರು ವರ್ಷ ಶಾಮಣ್ಣೋರೇ! ತಿಂಗಳು ತಿಂಗಳು ಫೋನ್ ಮಾಡಿ ಕೇಳ್ತಿದ್ನಲ್ಲ, ಏನಾದ್ರೂ ತೊಂದರೆ ಇದ್ಯಾ ಅಂತ. ಒಂದ್ಸಲಾನಾದ್ರೂ ಬಾಯಿ ಬಿಟ್ಟು ಹೇಳ್ಬಾರ್ದಾಗಿತ್ತಾ?"

ಶಾಮಣ್ಣನವರಿಗೂ ಬೇಜಾರಾಯಿತು. "ಫೋನಲ್ಲಿ ಹೆಂಗಮ್ಮ ಹೇಳೋದು? ನೀವು ಅಷ್ಟು ಖುಷಿಯಾಗಿ ಮಾತಾಡ್ತಿದ್ರಿ. ಹೆಣ್ಮಗಳು ಒಬ್ಬಳೇ ಕಷ್ಟಪಟ್ಟು ಮಾಡಿದಾಳೆ, ಮನಸ್ಸು ಯಾಕೆ ನೋಯಿಸ್ಬೇಕು ಅಂತ ಸುಮ್ನಾದೆ. ನೀವು ಒಂದಿನ ಬಂದು ನನ್ನ ಮೇಜಿನ ಪಕ್ಕ ಕೂತಿದ್ರೆ ನಿಮಗೇ ಕಾಣ್ತಿತ್ತು. ನಾನು ಬಾಯಿ ಬಿಡೋದೇ ಬೇಕಾಗಿರ್ಲಿಲ್ಲ."

ಕಲ್ಯಾಣಿಗೆ ಬಿಟ್ಟುಹೋದ ಏಳು ಛತ್ರಗಳೂ ಒಂದೊಂದಾಗಿ ನೆನಪಾದವು. ಆ ಏಳು ಕಡೆಯೂ ಮೇಜಿನ ಡ್ರಾದಲ್ಲಿ ಇಂಥದೇ ಒಂದು ಡೈರಿ, ಇಂಥದೇ ಒಂದು ಪೆನ್ಸಿಲ್ಲು ಇದ್ದಿರಬೇಕು. ಅವಳು ಊರೂರು ಸುತ್ತಿ, ಯಾವುದು ಯಾರಿಗೂ ಬೇಡವೋ ಅದನ್ನೇ ಎಲ್ಲರಿಗೂ ಹೊಗಳಿ ಹೊಗಳಿ ತೋರಿಸಿ ಬಂದಿದ್ದಳು. ಸಮ್ಮೇಳನಗಳನ್ನು ಬೈದುಕೊಂಡಿದ್ದಳು, ಬಂದವರನ್ನು ಬೈದುಕೊಂಡಿದ್ದಳು, ಟ್ರಾಫಿಕ್ಕನ್ನು ಬೈದುಕೊಂಡಿದ್ದಳು. ತನ್ನ ಸಾಫ್ಟ್‌ವೇರನ್ನು ಮಾತ್ರ ಬೈದುಕೊಂಡಿರಲಿಲ್ಲ.

ಶಾಮಣ್ಣ ಡೈರಿ ಮುಚ್ಚುತ್ತಾ ಮೆಲ್ಲಗೆ ಅಂದರು, "ಮೂರು ಹೆಸರೂ ಹಿಡ್ಕೊಂಡು, ಯಾರು ಯಾವತ್ತು ಹೇಳ್ತೀನಿ ಅಂದಿದಾರೆ ಅಂತ ನೆನಪು ಮಾಡೋ ಹಂಗೆ ಏನಾದ್ರೂ ಇದ್ರೆ ಕೊಡಿ ತಾಯಿ. ವಯಸ್ಸಾಯ್ತು. ಈಚೀಚೆಗೆ ಮರೀತೀನಿ. ಹೋದ್ ತಿಂಗಳು ಒಂದು ಪಾರ್ಟಿಗೆ ತಿರುಗಿ ಫೋನ್ ಮಾಡೋದೇ ಮರೆತೆ, ಪಾಪ ಆ ಹುಡುಗಿ ತಂದೆ ಬಂದು ಅತ್ಕೊಂಡ್ ಹೋದ್ರು."

ಏಳು ಸಮ್ಮೇಳನದಲ್ಲಿ, ಆ ಎತ್ತರದ ಸ್ಟೂಲಿನವರೆಲ್ಲ ಸೇರಿ ಹೇಳದ ಮಾತನ್ನು ಈ ಮನುಷ್ಯ ಬಿಸಿಬೇಳೆಬಾತಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹೇಳಿದ್ದರು. ಮಾಡಬೇಕಾದದ್ದು ಏನು ಅಂತ ಅವಳಿಗೆ ಆ ಕ್ಷಣಕ್ಕೆ ಸ್ಪಷ್ಟವಾಗಿ ಕಂಡಿತು. ಅದನ್ನು ಮಾಡಲು ಸುಮೇಧ ಬೇಕು ಅನ್ನುವುದೂ ಕಂಡಿತು. ಫೋನು ತೆಗೆದು ಅವನ ಹೆಸರಿನ ಮೇಲೆ ಬೆರಳಿಟ್ಟವಳು, ಯಾಕೋ ಒತ್ತದೆ ಹಾಗೇ ಚೀಲಕ್ಕೆ ಹಾಕಿಕೊಂಡಳು. ಸ್ಟಾಲು ಮುಚ್ಚಿದಳು. ಶಾಮಣ್ಣನವರನ್ನು ಒಂದು ಆಟೋದಲ್ಲಿ ಕೂರಿಸಿ ಕಳಿಸಿದಳು. ಇನ್ನೊಂದು ಆಟೋ ಹಿಡಿದು ಗೊಟ್ಟಿಗೆರೆಗೆ ಹೊರಟಳು.

ಬನ್ನೇರುಘಟ್ಟ ರಸ್ತೆಯಲ್ಲಿ ಮುಕ್ಕಾಲು ಗಂಟೆ ಮೆಟ್ರೊ ಕಂಬಗಳನ್ನು ಎಣಿಸುತ್ತಾ ಕೂತಳು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಛತ್ರ ಸಿಕ್ಕಲಿಲ್ಲ, ಆದರೆ ಛತ್ರ ಯಾಕೆ ಸಿಗುತ್ತಿರಲಿಲ್ಲ ಅನ್ನುವುದು ಸಿಕ್ಕಿತು ಕಣೋ, ಇನ್ನು ಆರು ತಿಂಗಳು ಕೊಡು.

ಬಾಗಿಲು ತೆಗೆದವನು ಸುಮೇಧನೇ. ಗಡ್ಡ ಬಿಟ್ಟಿದ್ದ, ಕನ್ನಡಕ ಬಂದಿತ್ತು, ಸೊರಗಿದ್ದ. ಇವನಿಗೆ ಕನ್ನಡಕ ಬಂದದ್ದು ಯಾವಾಗ ಅಂತ ಅವಳು ಒಂದು ಗಳಿಗೆ ಬೆಪ್ಪಾಗಿ ನಿಂತಳು. ಅವನು ಗಾಬರಿಯಾಗಿ "ಏನಾಯ್ತು ಮೇಡಂ, ಬನ್ನಿ, ಬನ್ನಿ ಒಳಗೆ," ಅಂತ ಸೋಫಾ ಮೇಲಿನ ಬಟ್ಟೆ ಎತ್ತಿ ಒಳಗೆ ಎಸೆದ.

ಕಲ್ಯಾಣಿ ನೀರೂ ಕುಡಿಯದೆ ಎಲ್ಲವನ್ನೂ ಹೇಳಿದಳು, ಪೆನ್ಸಿಲ್ಲು, ಮುಹೂರ್ತ, ತರಕಾರಿ ಗಾಡಿ, ಎಲ್ಲ. ಅವನು ತಲೆ ತಗ್ಗಿಸಿ ಕೇಳಿದ. ಆಶ್ಚರ್ಯ ಮಾತ್ರ ಪಡಲಿಲ್ಲ.

"ಎಂಟ್ರಿ ಎಲ್ಲ ಹಿಂದಿನ ದಿನಾನೇ ಬೀಳ್ತಿತ್ತು ಮೇಡಂ. ನಾನು ನೋಡಿದ್ದೆ. ಮೂರು ವರ್ಷದ ಹಿಂದೆ ಒಂದ್ಸಲ ಕಾಲಲ್ಲಿ ಹೇಳ್ದೆ. ನೀವು ನೆಟ್‌ವರ್ಕ್ ಪ್ರಾಬ್ಲಮ್ ಇರ್ಬೇಕು, ಬಿಡು ಅಂದ್ರಿ."

ಅವಳಿಗೆ ನೆನಪೇ ಇರಲಿಲ್ಲ. "ಇನ್ನೊಂದ್ಸಲ ಹೇಳ್ಬೇಕಿತ್ತು ಕಣೋ," ಅಂದಳು. ದನಿ ಇಳಿದಿತ್ತು. "ಹೋಗ್ಲಿ. ಈಗ ಗೊತ್ತಾಯ್ತಲ್ಲ. ಉಳ್ಕೋತೀಯಾ?"

ಸುಮೇಧ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿದ. ತುಂಬ ಹೊತ್ತು ಒರೆಸಿದ. ಆಮೇಲೆ ಅವಳ ಮುಖ ನೋಡಿದ.

"ಇಲ್ಲ ಮೇಡಂ. ಗುರುವಾರನೇ ಸೈನ್ ಮಾಡ್ದೆ."

"ಗುರುವಾರ! ಮತ್ತೆ ಶುಕ್ರವಾರ ನಾನು ಕೇಳ್ದಾಗ ಆಯ್ತು ಅಂದ್ಯಲ್ಲೋ!"

"ಫೋನಲ್ಲಿ ನಿಮಗೆ ಇಲ್ಲ ಅನ್ನಕ್ಕೆ ಆಗ್ಲಿಲ್ಲ."

ಕಲ್ಯಾಣಿಗೆ ಬಾಯಿಗೆ ಬಂದದ್ದೆಲ್ಲ ಬೈಯಬೇಕು ಅನ್ನಿಸಿತು. ಬೈಯಲು ಬಾಯಿ ತೆರೆದಳು ಕೂಡ. ಆದರೆ ಮಧ್ಯಾಹ್ನ ಶಾಮಣ್ಣನವರೂ ಇದೇ ಮಾತು ಹೇಳಿದ್ದು ನೆನಪಾಗಿಬಿಟ್ಟಿತು. ಅವಳ ಕಣ್ಣಲ್ಲಿ ನೀರು ತುಂಬಿತು, ಸೆರಗಿನಿಂದ ಒರಟಾಗಿ ಒರೆಸಿಕೊಂಡಳು.

"ಎಷ್ಟು ದಿನ ಇದೆ ಇನ್ನು?"

"ಮೂರು ವಾರ ಮೇಡಂ."

"ಆ ಮೂರು ವಾರ ಶಾಮಣ್ಣೋರ ಮೇಜಿನ ಪಕ್ಕ ಕೂತ್ಕೊಂಡು ಕೆಲಸ ಮಾಡೋಣ. ನೀನು ಮಾಡೋದನ್ನ ನಾನು ಕಲ್ತ್ಕೋತೀನಿ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಕತ್ರಿಗುಪ್ಪೆಗೆ ಬರ್ತೀಯಾ? ಯೋಚನೆ ಮಾಡಿ ಹೇಳು. ನನ್ನ ಮನಸ್ಸು ನೋಯುತ್ತೆ ಅಂತ ಹೂಂ ಅನ್ಬೇಡ."

ಸುಮೇಧ ನಿಜವಾಗಿಯೂ ಯೋಚನೆ ಮಾಡಿದ.

"ಸೋಮವಾರ ಆಗಲ್ಲ ಮೇಡಂ," ಅಂದ. "ಮಂಗಳವಾರ ಬರ್ತೀನಿ."